ಸಹಿಯಾದ ಮೇಲೆ ಕೇಳುವ ಪ್ರಶ್ನೆ



ಹೋದ ತಿಂಗಳು ಅಟ್ಟದ ಮೇಲಿದ್ದ ಹಳೆಯ ಕಾಗದಪತ್ರಗಳ ಗಂಟನ್ನು ಬಿಚ್ಚಿ ವಿಂಗಡಿಸುತ್ತಿದ್ದೆ. ಕೆಂಪು ಮಸಿಯ ತಿದ್ದುಪಡಿಗಳಿದ್ದ ಹದಿನೆಂಟು ಪುಟಗಳ ಕಂತೆಯೊಂದು ಕೈಗೆ ಸಿಕ್ಕಿತು. ಯಾವುದೋ ವಿದ್ಯಾರ್ಥಿಯ ಉತ್ತರ ಪತ್ರಿಕೆ ಹಿಂದಿರುಗಿಸದೆ ಉಳಿದುಹೋಗಿರಬೇಕೆಂದು ಕನ್ನಡಕ ಏರಿಸಿ ನೋಡಿದರೆ, ಅದು ಉತ್ತರ ಪತ್ರಿಕೆಯಾಗಿರಲಿಲ್ಲ. ನಾನು ನಿವೃತ್ತನಾದ ಮರುವರ್ಷ, ಅಂದರೆ 2019ರಲ್ಲಿ, ತಿದ್ದಿಕೊಟ್ಟ ಒಂದು ಪರಿಸರ ವರದಿಯ ಕನ್ನಡ ಸಾರಾಂಶ. ಆ ಕಂತೆಯನ್ನು ಕಂಡ ದಿನದಿಂದ ಮನಸ್ಸು ಸಮಾಧಾನದಲ್ಲಿಲ್ಲ. ಆದ್ದರಿಂದ ಶಾಲೆಯ ನೆನಪುಗಳನ್ನು ಈ ಸಲ ಬದಿಗಿಟ್ಟು, ನನ್ನದೇ ಒಂದು ತಪ್ಪಿನಿಂದ ಆರಂಭಿಸಿ ಕೆಲವು ಮಾತುಗಳನ್ನು ಬರೆಯುತ್ತಿದ್ದೇನೆ. ಸ್ವಲ್ಪ ದೀರ್ಘವಾದರೆ ಸಹಿಸಿಕೊಳ್ಳಿ. ನಲವತ್ತೈದು ನಿಮಿಷದ ತರಗತಿಯನ್ನು ಒಂದು ಗಂಟೆಗೆ ಎಳೆಯುತ್ತಿದ್ದ ನನ್ನ ಅಭ್ಯಾಸ ನಿಮಗೆ ಹೊಸದೇನಲ್ಲ.

ನಡೆದದ್ದು ಇಷ್ಟು. ನಮ್ಮ ಊರಿಗೆ ಸಮೀಪದ ಹಳ್ಳಿಯೊಂದರ ಗುಡ್ಡದಲ್ಲಿ ಕಲ್ಲು ಗಣಿಗಾರಿಕೆಗೆ ಸರ್ಕಾರಿ ಜಮೀನನ್ನು ಗುತ್ತಿಗೆ ಕೊಡುವ ತೀರ್ಮಾನವಾಗಿತ್ತು. ಊರಿನ ಹೆಸರೂ ಬೇಡ, ಗುತ್ತಿಗೆದಾರರ ಹೆಸರೂ ಬೇಡ. ಪರಿಸರ ವರದಿ ತಯಾರಿಸಿದ ಸಂಸ್ಥೆಯ ತರುಣನೊಬ್ಬ ಬಂಧುವೊಬ್ಬರ ಪರಿಚಯ ಹೇಳಿಕೊಂಡು ಮನೆಗೆ ಬಂದ. ಇಂಗ್ಲಿಷಿನ ಮೂಲ ವರದಿ ಇನ್ನೂರು ಪುಟಗಳಿಗೂ ಹೆಚ್ಚು. ಕನ್ನಡದ ಸಾರಾಂಶ ಹದಿನೆಂಟು ಪುಟ. "ಕನ್ನಡ ಸ್ವಲ್ಪ ನೋಡಿಕೊಡಿ ಸರ್, ಕಾಗುಣಿತ ಸರಿ ಇದ್ದರೆ ಸಾಕು" ಎಂದು ವಿನಯದಿಂದ ಕೇಳಿಕೊಂಡ. ಆ ಕನ್ನಡವಾದರೋ, ಯಂತ್ರದಿಂದ ಹೊರಬಿದ್ದಂತಿತ್ತು. ಕ್ರಿಯಾಪದಕ್ಕೂ ಕರ್ತೃವಿಗೂ ಸಂಬಂಧವೇ ಇರಲಿಲ್ಲ. ಎರಡು ದಿನ ಕುಳಿತು ತಿದ್ದಿದೆ. ಕೊನೆಗೆ ಎರಡು ಸಾವಿರ ರೂಪಾಯಿಗಳ ಲಕೋಟೆ ಕೊಟ್ಟ. ಬೇಡವೆನ್ನಲಿಲ್ಲ.

ಅದರಲ್ಲಿ ಐದು ಕಡೆ "ಭಂಜರು ಭೂಮಿ" ಎಂದಿತ್ತು. ಮಹಾಪ್ರಾಣವನ್ನು ಹೊಡೆದುಹಾಕಿ ಐದೂ ಕಡೆ "ಬಂಜರು" ಎಂದು ತಿದ್ದಿದೆ. ಆ ಕಂತೆಯಲ್ಲಿ ಇಂದಿಗೂ ಆ ಐದು ಕೆಂಪು ಗುರುತುಗಳಿವೆ. ಬಂಜರು ಎಂಬ ಪದದ ಅಕ್ಷರ ಸರಿಯೇ ಎಂದು ನೋಡಿದೆನೇ ಹೊರತು, ಆ ಗುಡ್ಡ ನಿಜವಾಗಿಯೂ ಬಂಜರೇ ಎಂದು ನನ್ನನ್ನು ನಾನು ಕೇಳಿಕೊಳ್ಳಲಿಲ್ಲ. ಮೂವತ್ತು ವರ್ಷಕ್ಕೂ ಮಿಕ್ಕಿ ಮಕ್ಕಳಿಗೆ "ಅರ್ಥ ತಿಳಿದು ಓದಿ" ಎಂದು ಗದರಿದವನು ನಾನು!

ಒಂದೆರಡು ತಿಂಗಳಾದ ಮೇಲೆ ಆ ಹಳ್ಳಿಯ ಶಾಲೆಯ ಬಯಲಿನಲ್ಲಿ ಪರಿಸರ ಸಾರ್ವಜನಿಕ ಆಲಿಕೆ ಸಭೆ ಏರ್ಪಟ್ಟಿತು. ನನ್ನನ್ನೂ ಕರೆದಿದ್ದರು. ಶಾಮಿಯಾನ, ಬಿಳಿಯ ಹೊದಿಕೆಯ ಮೇಜು, ಮೇಜಿನ ಮೇಲೆ ನೀರಿನ ಬಾಟಲಿಗಳು, ಒಂದು ಮೂಲೆಯಲ್ಲಿ ವಿಡಿಯೋ ಕ್ಯಾಮೆರಾ. ಪರದೆಯ ಮೇಲೆ ಇಂಗ್ಲಿಷ್ ಅಕ್ಷರಗಳ ಚಿತ್ರಗಳನ್ನು ತೋರಿಸುತ್ತ ಒಬ್ಬರು ಧೂಳಿನ ಕಣಗಳ ಪ್ರಮಾಣವನ್ನು ವಿವರಿಸಿದರು. ಸೇರಿದ್ದವರಲ್ಲಿ ಬಹುಪಾಲು ಜನ ಸುಮ್ಮನೆ ಕುಳಿತಿದ್ದರು. ಆಗ ಹಿಂದಿನ ಸಾಲಿನಿಂದ ಒಬ್ಬ ಎದ್ದು ಬಂದು ಮೈಕು ಕೇಳಿದ. ಹೆಗಲ ಮೇಲೆ ಕಂಬಳಿ. ಮುಖ ನೋಡಿದೊಡನೆ ಗುರುತು ಹತ್ತಿತು. ಏಳನೆಯ ಸಾಲಿನಲ್ಲಿ ಕಿಟಕಿಯ ಪಕ್ಕ ಕೂರುತ್ತಿದ್ದ, ಎಸ್ಸೆಸ್ಸೆಲ್ಸಿಯಲ್ಲಿ ಗಣಿತದ ದೆಸೆಯಿಂದ ನಪಾಸಾಗಿ ಮನೆಯ ಕುರಿಗಳ ಬೆನ್ನು ಹತ್ತಿದ ನನ್ನ ಶಿಷ್ಯ.

"ಇದರಾಗ ನಮ್ಮ ಗುಡ್ಡಕ್ಕ ಬಂಜರು ಅಂತ ಬರದೀರಿ ಸಾಹೇಬ್ರ," ಎಂದ ಅವನು, ಸಾರಾಂಶದ ಪ್ರತಿಯನ್ನು ಎತ್ತಿ ಹಿಡಿದು. "ಬಂಜರಂದ್ರ ಏನೂ ಬೆಳಿಯೂದಿಲ್ಲ ಅಂತ ನಾ ಸಾಲ್ಯಾಗ ಕಲ್ತೇನಿ. ನಮ್ಮಪ್ಪನ ಕಾಲದಿಂದ ನಮ್ಮ ಕುರಿ ಅಲ್ಲೇ ಮೇಯತಾವು. ಹಂಗಾರ ಇಷ್ಟು ದಿನ ಅವೇನು ಕಲ್ಲು ತಿಂದಾವೇನ್ರಿ?"

ಸಭೆ ನಕ್ಕಿತು. ನನಗೆ ನಗು ಬರಲಿಲ್ಲ. ಆ ಪದದ ಅರ್ಥವನ್ನು ಅವನಿಗೆ ಕಲಿಸಿದವನು ನಾನೇ.

ಆಮೇಲೆ ಅವನು ನನ್ನತ್ತ ತಿರುಗಿ, "ಸರ್, ನೀವರ ಒಂದು ಮಾತು ಹೇಳ್ರಲಾ" ಎಂದ. ಸಾರಾಂಶದ ಮೇಲೆ ನನ್ನ ಹೆಸರೇನೂ ಇರಲಿಲ್ಲ, ಅವನಿಗೆ ತಿಳಿಯುವ ಸಂಭವವೂ ಇರಲಿಲ್ಲ. ನಾನು ಏಳಲಿಲ್ಲ. ಎದೆಯಲ್ಲಿ ಲಕೋಟೆಯ ಭಾರವಿತ್ತೆಂದು ಕಾಣುತ್ತದೆ. ಸಭೆಯ ನಡವಳಿಯಲ್ಲಿ ಅವನ ಮಾತು ಒಂದೇ ಸಾಲಿಗೆ ಇಳಿಯಿತು: ಗ್ರಾಮಸ್ಥರೊಬ್ಬರು ಜಾನುವಾರುಗಳ ಮೇವಿನ ಬಗ್ಗೆ ಪ್ರಸ್ತಾಪಿಸಿದರು, ಹಸಿರು ಪಟ್ಟಿ ಬೆಳೆಸುವುದಾಗಿ ಉತ್ತರಿಸಲಾಯಿತು. ಗುಡ್ಡದ ಬಾರಿ ಹಣ್ಣು, ಕವಳಿ ಹಣ್ಣು, ಕಸಬರಿಗೆ ಹುಲ್ಲು, ಮಳೆಗಾಲದಲ್ಲಿ ಗುಡ್ಡದಿಂದ ಹರಿದು ಕೆರೆಯನ್ನು ತುಂಬುವ ನೀರು ಇವು ಯಾವುವೂ ಆ ಸಾಲಿನಲ್ಲಿ ಇರಲಿಲ್ಲ. ಷರತ್ತುಗಳೊಡನೆ ಅನುಮತಿ ದೊರೆಯಿತು. ನನ್ನ ಶಿಷ್ಯ ಎರಡು ವರ್ಷಗಳಲ್ಲಿ ಅರ್ಧ ಹಿಂಡನ್ನು ಮಾರಿದ.

ಇಲ್ಲಿಗೆ ಇನ್ನೊಂದು ನೆನಪನ್ನು ಸೇರಿಸಬೇಕು. ಅದು 1987ರ ನವೆಂಬರ್ 14, ಶನಿವಾರ. ನಾನು ಬಿ.ಎಡ್. ಮುಗಿಸಿ ಅಂದಿನ ಅವಿಭಜಿತ ಧಾರವಾಡ ಜಿಲ್ಲೆಯಲ್ಲಿ ಕೆಲಸಕ್ಕೆ ಸೇರಿ ಬಹಳ ವರ್ಷವಾಗಿರಲಿಲ್ಲ. ಮಕ್ಕಳ ದಿನಾಚರಣೆ, ಪೆಪ್ಪರಮಿಂಟು ತರಿಸಿದ್ದೆವು. ಆದರೆ ಬೆಳಗಿನ ಹಾಜರಿಯಲ್ಲಿ ಒಂದಿಷ್ಟು ಹುಡುಗರಿಲ್ಲ. ಕೇಳಿದರೆ, "ಕುಸನೂರಿಗೆ ಹೋಗ್ಯಾರ್ರಿ, ಗಿಡ ಕೀಳಾಕ" ಎಂದರು ಉಳಿದವರು. ಮಕ್ಕಳ ದಿನದಂದು ಗಿಡ ಕೀಳುವುದೆಂದರೇನು ಎಂದು ಸಿಟ್ಟು ಬಂದು, ಎಲ್ಲರಿಗೂ ಗೈರುಹಾಜರಿ ಹಾಕಿದೆ. ಅವರು ಎಂಥ ಪಾಠಕ್ಕೆ ಹೋಗಿದ್ದರೆಂಬುದು ನನಗೆ ತಿಳಿದದ್ದು ತಡವಾಗಿ.

ಕಿರಿಯರಿಗೆ ಆ ಕಥೆ ತಿಳಿದಿರಲಾರದು. 1984ರಲ್ಲಿ ಕರ್ನಾಟಕ ಸರ್ಕಾರ ಹರಿಹರ ಪಾಲಿಫೈಬರ್ಸ್ ಜೊತೆ ಒಪ್ಪಂದ ಮಾಡಿಕೊಂಡು ಕರ್ನಾಟಕ ಪಲ್ಪ್‌ವುಡ್ಸ್ ಎಂಬ ಕಂಪನಿಯನ್ನು ಹುಟ್ಟುಹಾಕಿತು. ಅದರಲ್ಲಿ ಸರ್ಕಾರದ ಪಾಲು ಶೇಕಡಾ 51, ಕಾರ್ಖಾನೆಯ ಪಾಲು 49. ನಾರು ತಯಾರಿಕೆಗೆ ಬೇಕಾದ ನೀಲಗಿರಿ ಬೆಳೆಯಲು ಸುಮಾರು 75,000 ಎಕರೆ ಸರ್ಕಾರಿ ಜಮೀನನ್ನು ಒದಗಿಸುವ ಏರ್ಪಾಡು ಅದು. ಕಾಗದದ ಮೇಲೆ ಆ ಜಮೀನಿಗೆ "ಸಿ ಮತ್ತು ಡಿ ವರ್ಗ" ಎಂಬ ಹೆಸರು. ಹಳ್ಳಿಗರಿಗೆ ಮಾತ್ರ ಅದು ಕಟ್ಟಿಗೆ ತರುವ, ದನ ಕಟ್ಟುವ, ಸೊಪ್ಪು ಸವರುವ ನೆಲ. ಒಪ್ಪಂದಕ್ಕೆ ಸಹಿ ಬೀಳುವ ಮುನ್ನ ಆ ನೆಲದ ಅಂಚಿನಲ್ಲಿದ್ದ ಹಳ್ಳಿಗಳ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ. ಕೇಳಬೇಕೆಂಬ ಕಾನೂನೇ ಆಗ ಇರಲಿಲ್ಲ.

ಸಮಾಜ ಪರಿವರ್ತನ ಸಮುದಾಯದ ಎಸ್. ಆರ್. ಹಿರೇಮಠರು ಹಳ್ಳಿಗಳನ್ನು ಸಂಘಟಿಸಿದರು. ಶಿವರಾಮ ಕಾರಂತರು ಸೇರಿದಂತೆ ಹಲವರು ಸರ್ವೋಚ್ಚ ನ್ಯಾಯಾಲಯದ ಮೊರೆ ಹೊಕ್ಕರು. ಆ ನವೆಂಬರ್ 14ರಂದು ಕುಸನೂರಿನಲ್ಲಿ ನಡೆದದ್ದು "ಕಿತ್ತಿಕೋ ಹಚ್ಚಿಕೋ" ಸತ್ಯಾಗ್ರಹ. ಡೊಳ್ಳು ಬಾರಿಸುತ್ತ ಗಂಡಸರು, ಹೆಂಗಸರು, ಮಕ್ಕಳು ನೀಲಗಿರಿ ನೆಟ್ಟಿದ್ದ ನೆಲಕ್ಕೆ ಹೋಗಿ ನೂರು ಸಸಿಗಳನ್ನು ಕಿತ್ತರು. ಆ ಜಾಗದಲ್ಲಿ ಹಣ್ಣು, ಮೇವು, ಸೌದೆಗೆ ಒದಗುವ ಗಿಡಗಳನ್ನು ನೆಟ್ಟರು. ಅವಕ್ಕೆ ನೀರೆರೆದು ಕಾಪಾಡುವುದಾಗಿ ಪ್ರಮಾಣ ಮಾಡಿ ಮನೆಗೆ ಹೋದರು. ಹೋರಾಟ ಮುಂದುವರಿದು, 1991ರಲ್ಲಿ ಆ ಕಂಪನಿಯನ್ನೇ ಮುಚ್ಚಲಾಯಿತು. ನಾನು ಗೈರುಹಾಜರಿ ಹಾಕಿದ ಹುಡುಗರು ಅಂದು ಅಲ್ಲಿ ಹಾಜರಿದ್ದರು. ರಿಜಿಸ್ಟರ್ ತಿದ್ದುವ ಅವಕಾಶ ಈಗಿಲ್ಲ. ನೀವು ಯಾರಾದರೂ ಇದನ್ನು ಓದುತ್ತಿದ್ದರೆ, ಈ ಮುದುಕನನ್ನು ಕ್ಷಮಿಸಿ.

ಅಲ್ಲಿಂದ ಇಲ್ಲಿಯವರೆಗೆ ಕಾನೂನು ಬೆಳೆದಿದೆ ಎಂಬುದನ್ನು ಒಪ್ಪಬೇಕು. ದೊಡ್ಡ ಯೋಜನೆಗಳಿಗೆ ಪರಿಸರ ಪರಿಣಾಮದ ಅಧ್ಯಯನವನ್ನು ಕಡ್ಡಾಯಗೊಳಿಸಿದ ಅಧಿಸೂಚನೆ ಬಂದದ್ದು 1994ರ ಜನವರಿಯಲ್ಲಿ. ಜನರ ಅಹವಾಲು ಕೇಳಲೇಬೇಕೆಂಬ ತಿದ್ದುಪಡಿ 1997ರಲ್ಲಿ. ಅದರ ಜಾಗದಲ್ಲಿ 2006ರ ಸೆಪ್ಟೆಂಬರ್ 14ರ ಹೊಸ ಅಧಿಸೂಚನೆ ಬಂತು. ಓದಿ ನೋಡಿದರೆ ನಿಯಮಗಳು ಚೆನ್ನಾಗಿಯೇ ಇವೆ. ಕನಿಷ್ಠ ಮೂವತ್ತು ದಿನ ಮೊದಲೇ ಒಂದು ರಾಷ್ಟ್ರೀಯ ಪತ್ರಿಕೆಯಲ್ಲೂ ಒಂದು ಪ್ರಾದೇಶಿಕ ಭಾಷೆಯ ಪತ್ರಿಕೆಯಲ್ಲೂ ಪ್ರಕಟಣೆ ಕೊಡಬೇಕು. ಪತ್ರಿಕೆ ತಲುಪದ ಕಡೆ ಡಂಗುರ ಸಾರಬೇಕು. (ಓಲೇಕಾರ ಹಲಗೆ ಬಾರಿಸುತ್ತ ಬಂದರೆ ಓಡಿಹೋಗಿ ಹಿಂದೆ ನಿಲ್ಲುತ್ತಿದ್ದ ನನ್ನ ಬಾಲ್ಯ ನೆನಪಾಯಿತು, ಆ ಪದವನ್ನು ಕೇಂದ್ರದ ಅಧಿಸೂಚನೆಯಲ್ಲಿ ಕಂಡು ಸಂತೋಷವೂ ಆಯಿತು.) ಸಭೆಯ ಅಧ್ಯಕ್ಷತೆಯನ್ನು ಜಿಲ್ಲಾಧಿಕಾರಿ ಅಥವಾ ಅಪರ ಜಿಲ್ಲಾಧಿಕಾರಿಯ ದರ್ಜೆಗೆ ಕಡಿಮೆಯಿಲ್ಲದ ಪ್ರತಿನಿಧಿ ವಹಿಸಬೇಕು. ಇಡೀ ಕಲಾಪದ ವಿಡಿಯೋ ಆಗಬೇಕು. ಕೊನೆಯಲ್ಲಿ ನಡವಳಿಯನ್ನು ಸ್ಥಳೀಯ ಭಾಷೆಯಲ್ಲಿ ಸಭೆಗೆ ಓದಿ ಹೇಳಿ ವಿವರಿಸಬೇಕು. ಈ ಕೊನೆಯ ನಿಯಮವನ್ನು ಎಲ್ಲರೂ ಗಟ್ಟಿಯಾಗಿ ನೆನಪಿಡಿ. "ನನ್ನ ಮಾತು ಹೇಗೆ ಬರೆದಿದ್ದೀರಿ, ಓದಿ" ಎಂದು ಕೇಳುವ ಹಕ್ಕು ಕುರಿಗಾಹಿಗೂ ಇದೆ. ಅಂದು ನನ್ನ ಶಿಷ್ಯನಿಗೆ ಅದು ತಿಳಿದಿರಲಿಲ್ಲ, ನನಗೂ ತಿಳಿದಿರಲಿಲ್ಲ.

ಆದರೆ ಅದೇ ನಿಯಮಗಳಲ್ಲಿ, ಸಭೆಗೆ ಕನಿಷ್ಠ ಇಷ್ಟು ಜನ ಬರಬೇಕೆಂಬ ನಿರ್ಬಂಧವಿಲ್ಲ. ನಾಲ್ವರು ಬಂದರೂ ಸಭೆ ಸಭೆಯೇ. ಪರಿಸರ ವರದಿಯನ್ನು ತಯಾರಿಸುವ ಸಂಸ್ಥೆಗೆ ಸಂಬಳ ಕೊಡುವವನು ಯೋಜನೆಯ ಮಾಲೀಕನೇ. ಪರೀಕ್ಷೆ ಬರೆದ ಹುಡುಗನ ತಂದೆಯೇ ಮೌಲ್ಯಮಾಪಕನನ್ನು ನೇಮಿಸಿ ಸಂಭಾವನೆ ಕೊಟ್ಟರೆ ಅಂಕಪಟ್ಟಿಯನ್ನು ನಾವು ನಂಬುತ್ತಿದ್ದೆವೇ? ಇನ್ನು, ಅನುಮೋದಿತ ಕೈಗಾರಿಕಾ ಪ್ರದೇಶದೊಳಗೆ ಬರುವ ಯೋಜನೆಗಳಿಗೆ ಸಾರ್ವಜನಿಕ ಸಮಾಲೋಚನೆಯಿಂದಲೇ ವಿನಾಯಿತಿ ಇದೆ.

ಇಷ್ಟಾದರೂ ನನ್ನ ಮುಖ್ಯ ತಕರಾರು ಇವುಗಳ ಬಗ್ಗೆ ಅಲ್ಲ, ಅನುಕ್ರಮದ ಬಗ್ಗೆ. ಬಿ.ಎಡ್. ಓದುವಾಗ ನಮ್ಮ ಪಾಠ ವೀಕ್ಷಣೆಗೆ ಬಂದ ಪ್ರಾಧ್ಯಾಪಕರೊಬ್ಬರು ನನ್ನನ್ನು ತರಗತಿಯ ಹೊರಗೆ ಕರೆದು ಹೇಳಿದ್ದರು, "ಉತ್ತರವನ್ನು ಹಲಗೆಯ ಮೇಲೆ ಬರೆದಾದ ಮೇಲೆ ಮಕ್ಕಳಿಗೆ ಪ್ರಶ್ನೆ ಕೇಳಬೇಡ" ಎಂದು. ನಮ್ಮ ಸಾರ್ವಜನಿಕ ಆಲಿಕೆಯಲ್ಲಿ ಆಗುತ್ತಿರುವುದು ಅದೇ. ಸರ್ಕಾರ ಮತ್ತು ಹೂಡಿಕೆದಾರರ ನಡುವೆ ಒಡಂಬಡಿಕೆ ಮೊದಲು ಆಗುತ್ತದೆ. ಜಮೀನು ಗುರುತಿಸುವುದೂ ಆಗುತ್ತದೆ. ಗುತ್ತಿಗೆಗೆ ತಾತ್ವಿಕ ಒಪ್ಪಿಗೆಯೂ ಸಿಗುತ್ತದೆ. ಹಲಗೆ ತುಂಬಿದ ಮೇಲೆ ಹಳ್ಳಿಯವರನ್ನು ಶಾಮಿಯಾನದ ಕೆಳಗೆ ಕೂರಿಸಿ, "ನಿಮ್ಮ ಅಭಿಪ್ರಾಯವೇನು?" ಎನ್ನುತ್ತಾರೆ. ಆ ಹೊತ್ತಿಗೆ ಚರ್ಚೆಗೆ ಉಳಿದಿರುವುದು ಧೂಳಿಗೆ ನೀರು ಚಿಮುಕಿಸುವುದು ದಿನಕ್ಕೆ ಎಷ್ಟು ಸಲ ಎಂಬುದಷ್ಟೇ. ಈ ನೆಲವನ್ನು ಈ ಕೆಲಸಕ್ಕೆ ಕೊಡಬೇಕೇ ಬೇಡವೇ ಎಂಬ ಪ್ರಶ್ನೆಯನ್ನು ಯಾವ ಸಭೆಯಲ್ಲೂ ಯಾರೂ ಕೇಳುವುದಿಲ್ಲ.

ಮೊದಲೇ ಕೇಳದಿದ್ದರೆ ಏನಾಗುತ್ತದೆಂಬುದಕ್ಕೆ ದೂರ ಹೋಗಬೇಕಿಲ್ಲ. 2010ರಲ್ಲಿ ಪೋಸ್ಕೋ ಉಕ್ಕಿನ ಕಾರ್ಖಾನೆಗೆ ಸರ್ಕಾರ ಒಡಂಬಡಿಕೆ ಮಾಡಿಕೊಂಡು, ಗದಗ ಜಿಲ್ಲೆಯ ಹಳ್ಳಿಗುಡಿಯ ಸುತ್ತ ಭೂಸ್ವಾಧೀನಕ್ಕೆ ಹೊರಟಾಗ ರೈತರು ಬೀದಿಗಿಳಿದರು. ಗದುಗಿನ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮಿಗಳು ಅವರ ಮುಂದೆ ನಿಂತರು. 2011ರಲ್ಲಿ ಸರ್ಕಾರ ಹಿಂದೆ ಸರಿಯಿತು. ದೇವನಹಳ್ಳಿಯ ಚನ್ನರಾಯಪಟ್ಟಣ ಹೋಬಳಿಯ ರೈತರು ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕುಳಿತ ಮೇಲೆ, 2025ರ ಜುಲೈನಲ್ಲಿ 1,777 ಎಕರೆಯ ಸ್ವಾಧೀನವನ್ನು ಕೈಬಿಡುವುದಾಗಿ ಮುಖ್ಯಮಂತ್ರಿಗಳು ಘೋಷಿಸಿದರು. ಇವು ಗೆಲುವುಗಳೆಂದು ನಾವು ಸಂಭ್ರಮಿಸುತ್ತೇವೆ. ಆದರೆ ಒಂದು ದಿನದ ಗ್ರಾಮಸಭೆಯಲ್ಲಿ ತಿಳಿಯಬಹುದಾಗಿದ್ದ ಉತ್ತರವನ್ನು ತಿಳಿಸಲು ಜನ ಸಾವಿರಕ್ಕೂ ಹೆಚ್ಚು ದಿನ ಹೊಲದ ಕೆಲಸ ಬಿಟ್ಟು ಕೂರಬೇಕಾಯಿತೆಂಬುದು ಸಂಭ್ರಮದ ವಿಷಯವೇ?

ಮೊದಲೇ ಕೇಳಿದ ಉದಾಹರಣೆಯೂ ನಮ್ಮ ದೇಶದಲ್ಲಿದೆ. ಒಡಿಶಾದ ನಿಯಮಗಿರಿ ಬೆಟ್ಟದ ಬಾಕ್ಸೈಟ್ ಗಣಿಯ ವಿಷಯದಲ್ಲಿ 2013ರ ಏಪ್ರಿಲ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ, ಅಲ್ಲಿನ ಗ್ರಾಮಸಭೆಗಳ ಮುಂದೆ ವಿಷಯವನ್ನಿಡಬೇಕೆಂದು ಆದೇಶಿಸಿತು. ಹನ್ನೆರಡು ಗ್ರಾಮಸಭೆಗಳು ನಡೆದವು. ಡೋಂಗ್ರಿಯಾ ಕೊಂಧರು ತಮ್ಮ ಭಾಷೆಯಲ್ಲಿ, ತಮ್ಮ ಬೆಟ್ಟದ ತಪ್ಪಲಿನಲ್ಲಿ ನಿಂತು ಮಾತನಾಡಿದರು. ಹನ್ನೆರಡೂ ಸಭೆಗಳು ಬೇಡವೆಂದವು. ಅವರ ಆ ಹಕ್ಕಿಗೆ 2006ರ ಅರಣ್ಯ ಹಕ್ಕು ಕಾಯಿದೆಯ ಬಲವಿತ್ತು. ನಮ್ಮ ಕಡೆಯ ಗಾಯರಾಣಕ್ಕೆ, ಗೋಮಾಳಕ್ಕೆ, ಕುರಿ ಮೇಯುವ ಬೋಳುಗುಡ್ಡಕ್ಕೆ ಅಂಥ ಬಲ ಎಲ್ಲಿದೆ? ಪಹಣಿಯಲ್ಲಿ "ಸರ್ಕಾರ" ಎಂದಿದ್ದರೆ ಮುಗಿಯಿತು. ಮೇಯಿಸುವವನ ಹೆಸರನ್ನು ಬರೆಯಲು ಪಹಣಿಯಲ್ಲಿ ಕಾಲಮ್ಮೇ ಇಲ್ಲ.

ಭಾಷೆಯ ವಿಷಯ ಹೇಳದಿದ್ದರೆ ಕನ್ನಡ ಮೇಷ್ಟ್ರಾದದ್ದು ವ್ಯರ್ಥ. 2020ರ ಮಾರ್ಚ್‌ನಲ್ಲಿ, ದೇಶವೆಲ್ಲ ಬೀಗ ಹಾಕಿಕೊಳ್ಳುತ್ತಿದ್ದಾಗ, ಕೇಂದ್ರ ಸರ್ಕಾರ ಹೊಸದೊಂದು ಕರಡು ಅಧಿಸೂಚನೆ ಹೊರಡಿಸಿತು. ಅದರಲ್ಲಿ ಮೂವತ್ತು ದಿನಗಳ ಪ್ರಕಟಣೆಯ ಅವಧಿಯನ್ನು ಇಪ್ಪತ್ತಕ್ಕೆ ಇಳಿಸಿದ್ದರು. ಕರಡು ಇದ್ದದ್ದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ಅದೇ ಜೂನ್ 30ರಂದು ದೆಹಲಿ ಉಚ್ಚ ನ್ಯಾಯಾಲಯ, ಸಂವಿಧಾನದ ಎಂಟನೆಯ ಅನುಸೂಚಿಯ ಎಲ್ಲ ಭಾಷೆಗಳಿಗೂ ಅದನ್ನು ಅನುವಾದಿಸಿ ಪ್ರಕಟಿಸಬೇಕೆಂದಿತು. ಆಗಸ್ಟ್‌ನಲ್ಲಿ ನಮ್ಮ ಕರ್ನಾಟಕ ಉಚ್ಚ ನ್ಯಾಯಾಲಯ, ಅಂತಿಮ ಅಧಿಸೂಚನೆ ಹೊರಡಿಸದಂತೆ ಮಧ್ಯಂತರ ತಡೆ ನೀಡಿತು. ಆ ಕರಡು ಆ ರೂಪದಲ್ಲಿ ಅಂತಿಮಗೊಳ್ಳಲಿಲ್ಲ. ಕನ್ನಡದಲ್ಲಿ ಓದಿ ಆಕ್ಷೇಪಿಸಲು ಕನ್ನಡಿಗರಿಗೆ ಹಕ್ಕಿದೆಯೆಂದು ನ್ಯಾಯಾಲಯದ ಮೆಟ್ಟಿಲೇರಿ ಕೇಳಬೇಕಾಯಿತಲ್ಲ!

ಹಾಗೆಂದು ಸಾರಾಂಶ ಮಾತ್ರ ಕನ್ನಡದಲ್ಲಿದ್ದರೆ ಸಾಲದು. ಇನ್ನೂರು ಪುಟಗಳಲ್ಲಿರುವ ತೊಂದರೆಗಳು ಹದಿನೆಂಟು ಪುಟಗಳಿಗೆ ಇಳಿಯುವಾಗ ಏನೇನು ಸೋರಿಹೋಗುತ್ತದೆಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮೂಲದಲ್ಲಿ ಗುಡ್ಡದ ಸಸ್ಯಗಳ ಪಟ್ಟಿಯೇ ಇತ್ತೆಂದು ಆಮೇಲೆ ತಿಳಿಯಿತು, ಲ್ಯಾಟಿನ್ ಹೆಸರುಗಳಲ್ಲಿ! ಬಾರಿಯೂ ಕವಳಿಯೂ ಅಲ್ಲಿದ್ದವು. ಅದೇ ವರದಿಯೇ ಆ ನೆಲವನ್ನು ಬಂಜರೆಂದೂ ಕರೆದಿತ್ತು.

ಈ ಮಾತುಗಳನ್ನು ಮನೆಯಲ್ಲಿ ಆಡಿದಾಗ, ಬೆಂಗಳೂರಿನಲ್ಲಿ ಇಂಜಿನಿಯರಾಗಿರುವ ನನ್ನ ಅಳಿಯಂದಿರು, "ಮಾವ, ನಿಮ್ಮ ಮನೆಯ ಅಡಿಪಾಯಕ್ಕೆ ಹಾಕಿದ ಜಲ್ಲಿ ಯಾವ ಗುಡ್ಡದ್ದು? ಪ್ರತಿ ಊರಿಗೂ ಬೇಡವೆನ್ನುವ ಅಧಿಕಾರ ಕೊಟ್ಟರೆ ರಸ್ತೆ ಆಗುವುದು ಹೇಗೆ?" ಎಂದರು. ಮಾತಿನಲ್ಲಿ ಸತ್ಯವಿದೆ. ಕೆಲವು ಸಭೆಗಳಲ್ಲಿ ಊರಿಗೆ ಸಂಬಂಧವೇ ಇಲ್ಲದವರು ಎರಡೂ ಕಡೆಯಿಂದ ಬಂದು ಮೈಕು ಹಿಡಿಯುತ್ತಾರೆಂಬುದೂ ಸುಳ್ಳಲ್ಲ. ಆದರೆ ನಾನು ಕೇಳುತ್ತಿರುವುದು ಬೇಡವೆನ್ನುವ ಅಧಿಕಾರಕ್ಕಿಂತ ಸಣ್ಣದು. ಗುಡ್ಡದ ಯಾವ ಭಾಗವನ್ನು ಕೊಟ್ಟರೆ ಹಾನಿ ಕಡಿಮೆ, ಕೆರೆಗೆ ನೀರು ಬರುವ ಹಳ್ಳ ಯಾವುದು, ಹಿಂಡು ಹಾಯುವ ದಾರಿ ಎಲ್ಲಿ ಎಂಬುದನ್ನು ಬಲ್ಲವರು ಅಲ್ಲಿ ದಿನವೂ ಓಡಾಡುವವರು. ಗುತ್ತಿಗೆಯ ನಕ್ಷೆಗೆ ಗೆರೆ ಎಳೆಯುವ ಮುನ್ನ ಅವರನ್ನು ಕೇಳಿದ್ದರೆ, ಜಲ್ಲಿಯೂ ಸಿಗುತ್ತಿತ್ತು, ಬಹುಶಃ ಆ ಅರ್ಧ ಹಿಂಡೂ ಉಳಿಯುತ್ತಿತ್ತು. ಅವರು ಹೇಳಿದ್ದನ್ನು ಒಪ್ಪದಿದ್ದರೆ ಏಕೆ ಒಪ್ಪಲಿಲ್ಲವೆಂದು ಒಂದೊಂದು ಆಕ್ಷೇಪಕ್ಕೂ ಬರೆದು ಕೊಡಲಿ. ಮಾರ್ಕು ಕಳೆದರೆ ಕಾರಣ ಕೇಳುವ ಹಕ್ಕು ಎಂಟನೆಯ ತರಗತಿಯ ಹುಡುಗನಿಗೂ ಇತ್ತಲ್ಲವೇ? ಅಳಿಯಂದಿರು ಪೂರ್ತಿ ಒಪ್ಪಲಿಲ್ಲ. ಚಹಾ ಬಂತು, ಚರ್ಚೆ ನಿಂತಿತು.

ಕಂತೆ ಸಿಕ್ಕ ಮರುದಿನ ನನ್ನ ಶಿಷ್ಯನ ಮನೆಗೆ ಹೋಗಿದ್ದೆ. ಆ ಐದು ಕೆಂಪು ಗುರುತುಗಳನ್ನು ತೋರಿಸಿ, ತಿದ್ದಿದವನು ನಾನೆಂದು ಹೇಳಿದೆ. ಅವನು ಬಹಳ ಹೊತ್ತು ಕಾಗದವನ್ನು ನೋಡುತ್ತ ಕುಳಿತ. ಆಮೇಲೆ, "ಅಕ್ಷರ ಏನೋ ಸರಿ ತಿದ್ದೀರಿ ಬಿಡ್ರಿ ಸರ್" ಎಂದ. ಬೈದಿದ್ದರೆ ಹಗುರವಾಗುತ್ತಿತ್ತು.

ಗುಡ್ಡದ ಉತ್ತರದ ಬದಿಗೆ ಗಣಿಯನ್ನು ವಿಸ್ತರಿಸುವ ಪ್ರಸ್ತಾಪ ಬಂದಿದೆಯೆಂದು ಅವನೇ ಹೇಳಿದ. ಹೊಸ ವರದಿಯ ಇಂಗ್ಲಿಷ್ ಪ್ರತಿ ಪಂಚಾಯತಿ ಕಚೇರಿಯಲ್ಲಿ ನೋಡಲು ಸಿಗುತ್ತದೆ. 2004ರ ತಂಡದ ಇಬ್ಬರು ವಿದ್ಯಾರ್ಥಿನಿಯರು, ಒಬ್ಬಳು ಸಸ್ಯಶಾಸ್ತ್ರದ ಉಪನ್ಯಾಸಕಿ, ಇನ್ನೊಬ್ಬಳು ವಕೀಲೆ, ಅದನ್ನು ಓದಿ ಕನ್ನಡದಲ್ಲಿ ಹೇಳಲು ಒಪ್ಪಿದ್ದಾರೆ. ಬರುವ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಆ ಊರಿನ ಬೀರದೇವರ ಗುಡಿಯ ಕಟ್ಟೆಯ ಮೇಲೆ ಸೇರುತ್ತೇವೆ. ಹತ್ತಿರದಲ್ಲಿರುವವರು ಬನ್ನಿ. ಬರುವಾಗ ಒಂದು ನೋಟ್‌ಬುಕ್ ತನ್ನಿ. ಕೆಂಪು ಪೆನ್ನು ನನ್ನ ಹತ್ತಿರ ಇದೆ.